ನೆನೆದ ಹಾಡುಗಳಿಗೆ ಮುಯ್ಯಾಳು ಬಂದವರು

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಿರಿಯರಿಗೆ ‘ಮುಯ್ಯಾಳು’ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ರಾಗಿ ಹೊಲದ ಕಳೆಗೋ ಕೊಯ್ಲಿಗೋ ನೆರೆಯವನು ಬಂದು ಒಂದು ದಿನ ದುಡಿದು ಹೋದರೆ, ಅವನ ಹೊಲಕ್ಕೆ ನಾವೂ ಒಂದು ದಿನ ಹೋಗಿ ದುಡಿಯುವುದೇ ಮುಯ್ಯಾಳಿನ ಪದ್ಧತಿ. ಕೂಲಿಗೆ ಬಂದವನಿಗೆ ಸಂಜೆ ಹಣ ಎಣಿಸಿ ಕೊಟ್ಟರೆ ಲೆಕ್ಕ ಚುಕ್ತಾ ಆಯಿತು. ಮುಯ್ಯಿಯ ಲೆಕ್ಕ ಹಾಗಲ್ಲ. ಅದು ಇವತ್ತು ಈ ಕಡೆ, ನಾಳೆ ಆ ಕಡೆ ವಾಲುತ್ತಾ ಎರಡು ಮನೆಗಳನ್ನು ಕಟ್ಟಿಹಾಕಿರುತ್ತದೆ. ಋಣ ಉಳಿದಿದೆ ಎಂಬ ಅರಿವೇ ಅಲ್ಲಿ ನಂಟು.

ಆದರೆ ಬೆಲೆ ತೆತ್ತು ಕೊಂಡುಕೊಂಡ ವಸ್ತುವಿನ ವಿಷಯದಲ್ಲಿಯೂ ಇಂಥ ಋಣ ಉಳಿಯಬಲ್ಲುದೆ? ಅಂಗಡಿಯವನಿಗೆ ಹಣ ಕೊಟ್ಟು ಒಂದು ಹಾಡಿನ ತಟ್ಟೆಯನ್ನು ಮನೆಗೆ ತಂದವನು, ಆ ತಟ್ಟೆಯನ್ನು ಹೊರತಂದವನಿಗೆ ಇನ್ನೂ ಏನಾದರೂ ಕೊಡಬೇಕಾಗಿದೆಯೆ? ವ್ಯಾಪಾರದ ಶಾಸ್ತ್ರ ‘ಇಲ್ಲ’ ಎನ್ನುತ್ತದೆ. 2012ರ ಚಳಿಗಾಲದ ಆರಂಭದಲ್ಲಿ ಅಮೆರಿಕೆಯ ನ್ಯೂಯಾರ್ಕ್ ನಗರದ ಒಂದು ಮೂಲೆಯಲ್ಲಿ ಕೆಲವು ಸಾಮಾನ್ಯ ಜನರು ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟರು. ಮಾತಿನಲ್ಲಿ ಕೊಡಲಿಲ್ಲ, ಕೈಗಳಲ್ಲಿ ಕೊಟ್ಟರು. ಹಾಡನ್ನು ಪ್ರೀತಿಸುವ ನಮ್ಮ ಕುಟುಂಬಗಳಿಗೆ ಆ ಕಥೆಯನ್ನು ಹೇಳಬೇಕೆಂದು ನಮಗೆ ತೋರಿದೆ.

ಆ ನಗರದ ಬ್ರೂಕ್ಲಿನ್ ಭಾಗದಲ್ಲಿ ನಾರ್ಟನ್ ರೆಕಾರ್ಡ್ಸ್ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆಯಿದೆ. 1986ರಲ್ಲಿ ಅದನ್ನು ಹುಟ್ಟುಹಾಕಿದವರು ಬಿಲ್ಲಿ ಮಿಲ್ಲರ್ ಮತ್ತು ಮಿರಿಯಂ ಲಿನ್ನಾ ಎಂಬ ದಂಪತಿಗಳು. ಅದಕ್ಕೂ ಮೊದಲು ಇಬ್ಬರೂ ಸೇರಿ ‘ಕಿಕ್ಸ್’ ಎಂಬ ಸಂಗೀತದ ಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಜನ ಮರೆತುಬಿಟ್ಟ ಹಳೆಯ ಹಾಡುಗಾರರನ್ನು ಹುಡುಕಿಕೊಂಡು ಹೋಗಿ ಅವರ ಬಗ್ಗೆ ಬರೆಯುವುದು ಆ ಪತ್ರಿಕೆಯ ಹವ್ಯಾಸ. ಹಾಗೆ ಅವರ ಗಮನಕ್ಕೆ ಬಂದವನು ಹ್ಯಾಸಿಲ್ ಆಡ್ಕಿನ್ಸ್. ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲ ಸೀಮೆಯಲ್ಲಿ, ಒಬ್ಬನೇ ಕುಳಿತು ಏಕಕಾಲಕ್ಕೆ ಗಿಟಾರು ನುಡಿಸುತ್ತಾ, ಡೋಲು ಬಡಿಯುತ್ತಾ ಹಾಡುತ್ತಿದ್ದ ಬಡವ. 1950ರ ದಶಕದಿಂದಲೂ ತನ್ನ ಹಾಡುಗಳನ್ನು ಮನೆಯಲ್ಲಿಯೇ ಮುದ್ರಿಸಿಕೊಳ್ಳುತ್ತಿದ್ದ ಅವನಿಗೆ ದೊಡ್ಡ ಸಂಸ್ಥೆಗಳ ಬಾಗಿಲು ತೆರೆಯಲಿಲ್ಲ. ಅವನ ಹಾಡುಗಳನ್ನು ಒಂದು ತಟ್ಟೆಯಾಗಿ ಹೊರತರುವುದಕ್ಕಾಗಿಯೇ ದಂಪತಿಗಳು ಸಂಸ್ಥೆಯನ್ನು ಆರಂಭಿಸಿದರು. ಮುಂದೆ 1960ರ ದಶಕದ ‘ಸಾನಿಕ್ಸ್’ ಮೊದಲಾದ ವಾದ್ಯತಂಡಗಳ ಹಾಡುಗಳನ್ನೂ ಅವರು ಮರಳಿ ಮುದ್ರಿಸಿದರು.

ಇದು ಗದ್ದಲದ, ತುಂಟತನದ, ಕೆಲವೊಮ್ಮೆ ಕಿವಿಗೆ ಒರಟಾಗಿ ಕೇಳುವ ಸಂಗೀತ. ನಮ್ಮ ಓದುಗರಲ್ಲಿ ಹೆಚ್ಚಿನವರ ಅಭಿರುಚಿಗೆ ಅದು ಒಗ್ಗಲಾರದು. ಆದರೆ ಇಲ್ಲಿ ವಿಚಾರ ಅಭಿರುಚಿಯದಲ್ಲ. ದೊಡ್ಡ ಸಂಸ್ಥೆ ‘ಇದು ಮಾರಾಟವಾಗದು’ ಎಂದು ಕೈಬಿಟ್ಟದ್ದನ್ನು, ಸಣ್ಣ ಸಂಸ್ಥೆಯೊಂದು ‘ಇದು ಉಳಿಯಬೇಕು’ ಎಂದು ಎತ್ತಿಕೊಳ್ಳುತ್ತದೆ. ತೊರೆದ ಹಾಡಿಗೆ ಅದೊಂದು ಬಗೆಯ ಅನಾಥಾಲಯ. ಅದು ಮುಳುಗಿದರೆ ನಷ್ಟವಾಗುವುದು ಒಬ್ಬ ವ್ಯಾಪಾರಿಗೆ ಮಾತ್ರವಲ್ಲ. ಬೇರೆಲ್ಲಿಯೂ ಆಶ್ರಯವಿಲ್ಲದ ಹಾಡುಗಳಿಗೂ ಅದು ನಷ್ಟವೇ.

ಮುಳುಗುವ ದಿನ ಬಂದೇ ಬಂದಿತು. 2012ರ ಅಕ್ಟೋಬರ್ 29ರ ರಾತ್ರಿ ‘ಸ್ಯಾಂಡಿ’ ಎಂಬ ಚಂಡಮಾರುತವು ನ್ಯೂಜೆರ್ಸಿಯ ಕರಾವಳಿಯನ್ನು ಅಪ್ಪಳಿಸಿತು. ಅಂದು ಹುಣ್ಣಿಮೆ. ಕಡಲಿನ ಭರತ ಏರಿದ್ದ ಹೊತ್ತಿನಲ್ಲಿಯೇ ಗಾಳಿಯೂ ನೀರನ್ನು ದಡದತ್ತ ನೂಕಿತು. ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದ ದಕ್ಷಿಣ ತುದಿಯ ಮಾಪನದಲ್ಲಿ ನೀರು ಸಾಮಾನ್ಯ ಇಳಿತದ ಮಟ್ಟಕ್ಕಿಂತ ಸುಮಾರು 14 ಅಡಿ ಮೇಲೇರಿತು. ಸುರಂಗ ರೈಲುಮಾರ್ಗಗಳು ತುಂಬಿಹೋದವು. ನಗರದ ದೊಡ್ಡದೊಂದು ಭಾಗ ಕತ್ತಲಲ್ಲಿ ಮುಳುಗಿತು. ಆ ನಗರವೊಂದರಲ್ಲಿಯೇ 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬ್ರೂಕ್ಲಿನ್ನಿನ ‘ರೆಡ್ ಹುಕ್’ ಎಂಬ ಭಾಗ ನೀರಿನೊಳಕ್ಕೆ ಚಾಚಿಕೊಂಡಿರುವ ತಗ್ಗು ನೆಲ. ಹಳೆಯ ಹಡಗುಕಟ್ಟೆಗಳೂ ಗೋದಾಮುಗಳೂ ಇರುವ ಜಾಗ. ನಾರ್ಟನ್ ಸಂಸ್ಥೆಯ ದಾಸ್ತಾನು ಇದ್ದದ್ದು ಅಲ್ಲಿಯೇ. ಕಾಲು ಶತಮಾನದ ದುಡಿಮೆಯಾದ ತಟ್ಟೆಗಳ ರಾಶಿಗೆ ಕಡಲ ನೀರು ನುಗ್ಗಿತು. ಅದು ಬರಿಯ ಉಪ್ಪುನೀರಲ್ಲ. ಬೀದಿಯ ಎಣ್ಣೆ, ಚರಂಡಿಯ ಹೊಲಸು, ಕಾಲುವೆಯ ಕೆಸರು ಎಲ್ಲವೂ ಬೆರೆತ ನೀರು.

ಇಂಥ ನೀರು ಹಾಡಿನ ತಟ್ಟೆಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ತಾತಂದಿರ ಕಾಲದ ಗ್ರಾಮಫೋನ್ ತಟ್ಟೆಗಳು ಅರಗಿನವು. ಆ ಅರಗಿನ ಬಹುಭಾಗ ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. 1948ರಿಂದ ಬಳಕೆಗೆ ಬಂದ ಎಲ್.ಪಿ. ತಟ್ಟೆಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ಈ ತಟ್ಟೆಯ ಒಂದು ಮಗ್ಗುಲಿನಲ್ಲಿ 20 ನಿಮಿಷದ ಸಂಗೀತವಿದ್ದರೆ, ಅಲ್ಲಿ 650ಕ್ಕೂ ಹೆಚ್ಚು ಸುತ್ತುಗಳ ಒಂದೇ ಒಂದು ಗೆರೆಯಿರುತ್ತದೆ. ಅದನ್ನು ಬಿಡಿಸಿ ನೇರವಾಗಿ ಹಾಸಿದರೆ 400 ಮೀಟರಿಗೂ ಮೀರಿದ ಉದ್ದ. ಅಗಲ ಮಾತ್ರ ಒಂದು ತಲೆಗೂದಲಿನಷ್ಟು. ಹಾಡೆಲ್ಲವೂ ಆ ಗೆರೆಯ ಗೋಡೆಗಳ ಏರುತಗ್ಗುಗಳಲ್ಲಿಯೇ ಅಡಗಿದೆ. ವಿನೈಲ್ ನೀರನ್ನು ಹೀರುವುದಿಲ್ಲ. ಆದ್ದರಿಂದ ನೀರು ತಟ್ಟೆಯನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಗೆರೆಯೊಳಗೆ ಒಣಗಿ ಗಟ್ಟಿಯಾಗುವ ಕೆಸರು ಮತ್ತು ಉಪ್ಪು. ತಟ್ಟೆಯ ಹೊದಿಕೆಯ ಗತಿ ಬೇರೆ. ರಟ್ಟು ನೆನೆದು ಉಬ್ಬಿ, ತಟ್ಟೆಗೆ ಅಂಟಿ, ಎರಡು ಮೂರು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ.

ಎಂದರೆ, ಒಳಗಿನ ಹಾಡು ಇನ್ನೂ ಬದುಕಿದೆ. ಆದರೆ ಬೇಗ ಯಾರಾದರೂ ಕೈಹಾಕಬೇಕು. ಒಂದೊಂದೇ ತಟ್ಟೆಯನ್ನು ಎತ್ತಿ, ನೆನೆದ ಹೊದಿಕೆಯನ್ನು ಸುಲಿದು, ತೊಳೆದು, ಒರೆಸಿ, ನಿಲ್ಲಿಸಿ ಒಣಗಿಸಬೇಕು. ಯಂತ್ರ ಮಾಡುವ ಕೆಲಸವಲ್ಲ ಇದು. ಕೂಲಿ ಕೊಟ್ಟು ಮಾಡಿಸಹೊರಟರೆ ತಟ್ಟೆಯ ಬೆಲೆಗಿಂತ ಕೂಲಿಯೇ ಹೆಚ್ಚಾಗುತ್ತದೆ. ಲೆಕ್ಕಪತ್ರ ಬಲ್ಲ ಯಾವನೇ ಆದರೂ ‘ಎಲ್ಲವನ್ನೂ ಎಸೆದುಬಿಡಿ’ ಎನ್ನುತ್ತಿದ್ದ.

ಆಗ ಆ ಹಾಡುಗಳನ್ನು ಕೊಂಡು ಕೇಳಿದ್ದವರು ಬಂದರು. ದಂಪತಿಗಳ ಕರೆ ತಲುಪಿದವರೂ, ಕರೆಯಿಲ್ಲದೆ ಸುದ್ದಿ ಕೇಳಿಯೇ ಹೊರಟವರೂ ಕೈಚೀಲ, ರಬ್ಬರಿನ ಕೈಗವಸು, ಹಳೆಯ ಬಟ್ಟೆ ಹಿಡಿದು ಬಂದರು. ವಾದ್ಯಗಾರರಿದ್ದರು, ಬರಿಯ ಕೇಳುಗರಿದ್ದರು. ನೆನೆದ ಪೆಟ್ಟಿಗೆಗಳನ್ನು ಹೊತ್ತರು, ಹೊದಿಕೆಗಳನ್ನು ಸುಲಿದರು, ತಟ್ಟೆಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದರು. ದೂರವಿದ್ದವರು ತಟ್ಟೆಗಳನ್ನು ಕೊಂಡು ಕೈ ನೀಡಿದರು. ಸಹಾಯಾರ್ಥ ಕಛೇರಿಗಳೂ ನಡೆದವು. ಎಲ್ಲವೂ ಉಳಿಯಲಿಲ್ಲ, ಬಹಳಷ್ಟು ಹಾಳಾಗಿಯೇ ಹೋಯಿತು. ಆದರೆ ಸಂಸ್ಥೆ ಉಳಿಯಿತು.

ಈ ಜನರನ್ನು ಏನೆಂದು ಕರೆಯೋಣ? ಗಿರಾಕಿಗಳೆಂದೆ? ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಒಬ್ಬರಿಂದ ಒಬ್ಬರಿಗೆ ಆಗುವ ಪ್ರಯೋಜನಕ್ಕಾಗಿ ಕೂಡುವ ಸ್ನೇಹ ಒಂದು. ಸಿಗುವ ಸುಖಕ್ಕಾಗಿ ಕೂಡುವ ಸ್ನೇಹ ಇನ್ನೊಂದು. ಸ್ನೇಹಿತನ ಒಳಿತನ್ನು ಅವನಿಗಾಗಿಯೇ ಬಯಸುವ ಸ್ನೇಹ ಮೂರನೆಯದು. ಮೊದಲೆರಡು ಪ್ರಯೋಜನವೋ ಸುಖವೋ ನಿಂತೊಡನೆ ಕರಗಿಹೋಗುತ್ತವೆ. ಅಂಗಡಿಗೂ ಗಿರಾಕಿಗೂ ಇರುವುದು ಮೊದಲನೆಯದು. ಹಾಡುಗಾರನಿಗೂ ಕೇಳುಗನಿಗೂ ಇರುವುದು ಎರಡನೆಯದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಕೊಳೆತ ರಟ್ಟಿನ ನಡುವೆ ಚಳಿಯಲ್ಲಿ ನಿಂತು ಕೆಸರು ತೊಳೆಯುವುದರಲ್ಲಿ ಯಾವ ಸುಖವಿದೆ? ಯಾವ ಪ್ರಯೋಜನವಿದೆ? ಹಾಡು ಕೇಳಿದ ಸುಖ ಎಂದೋ ಮುಗಿದಿತ್ತು. ತಟ್ಟೆಯ ಬೆಲೆ ಎಂದೋ ಸಂದಾಯವಾಗಿತ್ತು. ಹಾಗಿದ್ದೂ ಅವರು ಬಂದರೆಂದರೆ, ಕೊಟ್ಟ ಹಣ ಪ್ಲಾಸ್ಟಿಕ್ಕಿನ ಬೆಲೆಯೇ ಹೊರತು ಹಾಡಿನ ಬೆಲೆಯಲ್ಲವೆಂದು ಅವರು ಬಲ್ಲವರಾಗಿದ್ದರು. ನಮ್ಮ ಹೊಲಗಳ ಭಾಷೆಯಲ್ಲಿ ಹೇಳುವುದಾದರೆ ಅವರು ಮುಯ್ಯಾಳುಗಳು. ‘ಆಪತ್ತಿಗಾದವನೇ ನೆಂಟ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇಲ್ಲಿ ವಿವೇಕಿಗಳಾದ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೂಬೇಕು. ಜನ ಸತ್ತಿದ್ದಾರೆ, ಮನೆಗಳು ಕೊಚ್ಚಿಹೋಗಿವೆ, ಅದೇ ರೆಡ್ ಹುಕ್ಕಿನ ಸರ್ಕಾರಿ ವಸತಿಗೃಹಗಳಲ್ಲಿ ಸಾವಿರಾರು ಬಡವರು ದೀಪವಿಲ್ಲದೆ, ಚಳಿಗೆ ಶಾಖವಿಲ್ಲದೆ ವಾರಗಟ್ಟಲೆ ಕಳೆದಿದ್ದಾರೆ. ಅಂಥ ಹೊತ್ತಿನಲ್ಲಿ ಹಾಡಿನ ತಟ್ಟೆ ತೊಳೆಯುವುದು ಸರಿಯೆ? ಹಸಿದವನಿಗೆ ತತ್ತ್ವಬೋಧೆಗಿಂತ ಊಟವೇ ಮೊದಲು ಎಂದು ಸಂತ ಅಕ್ವಿನಾಸರಂಥ ಮಹಾತತ್ತ್ವಜ್ಞಾನಿಯೇ ಹೇಳಿರುವಾಗ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ನಮ್ಮ ಉತ್ತರ ಹೀಗೆ. ಅನ್ನ ಮೊದಲು ಎಂಬುದು ಸತ್ಯ. ಅನ್ನ ಮಾತ್ರ ಎಂಬುದು ಸತ್ಯವಲ್ಲ. ರೆಡ್ ಹುಕ್ಕಿನಲ್ಲಿಯೇ ‘ರೆಡ್ ಹುಕ್ ಇನಿಷಿಯೇಟಿವ್’ ಎಂಬ ಸ್ಥಳೀಯ ಸಂಸ್ಥೆಯ ಕಟ್ಟಡವು ಆ ದಿನಗಳಲ್ಲಿ ಊಟ, ಕಂಬಳಿ, ಔಷಧಿಗಳ ಕೇಂದ್ರವಾಯಿತು. ಅಲ್ಲಿಗೂ ಜನ ಓಡಿಬಂದರು. ಒಂದು ಕೆಲಸ ಇನ್ನೊಂದನ್ನು ತಡೆಯಲಿಲ್ಲ. ಎರಡನೆಯದಾಗಿ, ಆ ತಟ್ಟೆಗಳು ಎರಡು ಜೀವಗಳ ಜೀವನೋಪಾಯ. ನೇಕಾರನ ಮಗ್ಗವನ್ನೂ ಕುಂಬಾರನ ಆವಿಗೆಯನ್ನೂ ನೆರೆಯಿಂದ ಉಳಿಸುವುದು ಪರೋಪಕಾರವೆನಿಸಿದರೆ, ಹಾಡು ಮಾರುವವನ ಸರಕನ್ನು ಉಳಿಸುವುದೂ ಅದೇ ಆಗಿದೆ. ಮೂರನೆಯದಾಗಿ, ಪ್ರವಾಹ ಇಳಿದ ಮೇಲೆ ಮನುಷ್ಯರು ಬದುಕಿ ಉಳಿದರೆ ಸಾಲದು. ಬದುಕಿ ಉಳಿದವರಿಗೆ ಹಾಡಲು ಏನಾದರೂ ಉಳಿದಿರಬೇಕು.

ಮಗ್ಗದ ಮಾತು ಬಂದಾಗ ಹತ್ತಿರದ ಇನ್ನೊಂದು ಘಟನೆ ನೆನಪಾಗುತ್ತದೆ. ಮಗ್ಗದ ಸದ್ದಿನಲ್ಲಿಯೇ ಬೆಳಗಾಗುವ ದೊಡ್ಡಬಳ್ಳಾಪುರದ ಓದುಗರಿಗೆ ಇದು ಬೇಗ ಅರ್ಥವಾದೀತು. 2018ರ ಆಗಸ್ಟಿನಲ್ಲಿ ಕೇರಳವನ್ನು ಮುಳುಗಿಸಿದ ನೆರೆ, ಎರ್ನಾಕುಲಂ ಜಿಲ್ಲೆಯ ಚೇಂದಮಂಗಲದ ಕೈಮಗ್ಗದ ನೇಕಾರರನ್ನು ಓಣಂ ಹಬ್ಬದ ಮುಂಚಿನ ವಾರಗಳಲ್ಲಿಯೇ ಹೊಡೆಯಿತು. ಹಬ್ಬದ ಮಾರಾಟಕ್ಕೆಂದು ನೇಯ್ದಿಟ್ಟಿದ್ದ ಸೀರೆಗಳು ಕೆಸರಿನಲ್ಲಿ ಅದ್ದಿಹೋದವು. ಆಗ ಲಕ್ಷ್ಮೀ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬಿಬ್ಬರು, ಕಲೆಯಾದ ಸೀರೆಗಳನ್ನು ತೊಳೆದು ಕತ್ತರಿಸಿ ‘ಚೇಕುಟ್ಟಿ’ ಎಂಬ ಪುಟ್ಟ ಬೊಂಬೆಗಳನ್ನು ಮಾಡುವ ಉಪಾಯ ಹೂಡಿದರು. ಚೇರು ಎಂದರೆ ಕೆಸರು, ಕುಟ್ಟಿ ಎಂದರೆ ಮಗು. ಒಂದು ಸೀರೆಯಿಂದ 360 ಬೊಂಬೆಗಳು. ಬೊಂಬೆಯೊಂದಕ್ಕೆ 25 ರೂಪಾಯಿ. ಸೀರೆಯೊಂದಕ್ಕೆ 9,000 ರೂಪಾಯಿ. ಶಾಲಾಮಕ್ಕಳು, ಕಾಲೇಜಿನವರು, ಕಚೇರಿಯವರು ಕೂಡಿ ಕುಳಿತು ಬೊಂಬೆ ಕಟ್ಟಿದರು. ಅಲ್ಲಿಯ ಮುಖ್ಯ ಅಂಶವನ್ನು ಗಮನಿಸಿ. ಕೊಳ್ಳುವವನು ಹಣ ಕೊಟ್ಟು ದೂರ ನಿಲ್ಲಲಿಲ್ಲ. ಕತ್ತರಿ ಹಿಡಿದು ಕೂತ. ಬೊಂಬೆಯ ಮೇಲಿನ ಕಲೆಯನ್ನು ಯಾರೂ ಮುಚ್ಚಲಿಲ್ಲ. ಅದೇ ಅದರ ಗುರುತಾಯಿತು.

ಇನ್ನು ನಮ್ಮ ನೆಲದ ಹಾಡುಗಳ ಮಾತು. ‘ನಿತ್ಯೋತ್ಸವ’ದ ಕವಿ ಕೆ.ಎಸ್. ನಿಸಾರ್ ಅಹಮದ್ ಅವರು 1936ರಲ್ಲಿ ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ. ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹೊಂದಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದೇ ಅದು ಹೆಸರಾಗಿದೆ. ಪುಸ್ತಕ ಓದದವರ ಮನೆಗೂ ಕವಿತೆಯನ್ನು ತಲುಪಿಸಿದ್ದು ಅಂಗೈ ಅಗಲದ ಆ ಪ್ಲಾಸ್ಟಿಕ್ ಡಬ್ಬಿ. ಅದರ ಬೆನ್ನಿಗೆ ಭಾವಗೀತೆ, ಜನಪದ ಗೀತೆ, ಹರಿಕಥೆ, ನಾಟಕಗಳ ಎಷ್ಟೋ ಧ್ವನಿಸುರುಳಿಗಳು ಬಂದವು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಹುಟ್ಟಿದ ನಮ್ಮ ಕನ್ನಡ ಭಕ್ತಿಗೀತೆಗಳೂ ಊರೂರ ಗಾನವೃಂದಗಳಿಗೆ ಹಬ್ಬಿದ್ದು ಬಹುಮಟ್ಟಿಗೆ ಈ ಡಬ್ಬಿಗಳಿಂದಲೇ. ಅವುಗಳಲ್ಲಿ ಎಷ್ಟನ್ನೋ ಹೊರತಂದವರು ಲಾಭದ ಆಸೆಯಿಲ್ಲದ ಸಣ್ಣವರು. ಮುದ್ರಿಸಿದ ಪ್ರತಿಗಳೂ ಕಡಿಮೆ. ಅವುಗಳ ಕೊನೆಯ ಪ್ರತಿ ಈಗ ಎಲ್ಲಿದೆ? ಬಹುಶಃ ನಮ್ಮದೇ ಯಾವುದೋ ಮನೆಯ ಅಟ್ಟದ ಮೇಲೆ, ತಗಡಿನ ಪೆಟ್ಟಿಗೆಯಲ್ಲಿ.

ಚಂಡಮಾರುತ ನಮ್ಮ ಬಯಲುಸೀಮೆಗೆ ಬಾರದು ಎಂದು ನಿಶ್ಚಿಂತರಾಗಿರುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಗೆ ಕೆರೆಯ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾದುದನ್ನು ನಾವೆಲ್ಲರೂ ಕಂಡಿದ್ದೇವೆ. ನೆರೆ ಬರದಿದ್ದರೂ ಸೋರುವ ಹೆಂಚು ಸಾಕು. ಆದ್ದರಿಂದ ಗೃಹಸ್ಥರಿಗೆ ಉಪಯುಕ್ತವಾದ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇವೆ.

ತಟ್ಟೆ ಕೆಸರಾದರೆ ಕೆಸರು ಒಣಗುವ ಮೊದಲೇ ತಣ್ಣನೆಯ ಶುದ್ಧ ನೀರಿನಲ್ಲಿ ತೊಳೆಯಬೇಕು. ಮೃದುವಾದ ಬಟ್ಟೆಯಿಂದ, ಗೆರೆ ಸುತ್ತಿರುವ ದಿಕ್ಕಿನಲ್ಲಿಯೇ ಒರೆಸಬೇಕು, ಅಡ್ಡಡ್ಡ ಉಜ್ಜಬಾರದು. ನಡುವಿನ ಕಾಗದದ ಚೀಟಿ ಆದಷ್ಟೂ ನೆನೆಯದಿರಲಿ, ಹಾಡಿನ ಹೆಸರು ಉಳಿಯುವುದು ಅಲ್ಲಿಯೇ. ನಿಲ್ಲಿಸಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ತಟ್ಟೆ ಸೊಟ್ಟಗಾಗುತ್ತದೆ. ಹಳೆಯ ಅರಗಿನ ತಟ್ಟೆಗೆ ಸ್ಪಿರಿಟ್ಟನ್ನು ಸೋಕಿಸಲೇಬಾರದು, ಅರಗು ಅದರಲ್ಲಿ ಕರಗಿಬಿಡುತ್ತದೆ. ಇನ್ನು ಕ್ಯಾಸೆಟ್ಟು. 60 ನಿಮಿಷದ ಕ್ಯಾಸೆಟ್ಟಿನೊಳಗೆ ಸುಮಾರು 90 ಮೀಟರ್ ಉದ್ದದ ಟೇಪು ಸುತ್ತಿಕೊಂಡಿರುತ್ತದೆ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಲೇಪ, ಹಾಡಿರುವುದು ಆ ಲೇಪದಲ್ಲಿ. ತೇವ ಆ ಲೇಪವನ್ನು ಹಿಡಿದಿರುವ ಅಂಟನ್ನು ಕಾಲಕ್ರಮದಲ್ಲಿ ಸಡಿಲಿಸುತ್ತದೆ. ನೆನೆದ ಕ್ಯಾಸೆಟ್ಟನ್ನು ‘ಹಾಡುತ್ತದೆಯೋ ನೋಡೋಣ’ ಎಂದು ಒಡನೆಯೇ ಯಂತ್ರಕ್ಕೆ ಹಾಕುವುದು ಅದನ್ನು ಕೊಂದಂತೆ. ಶುದ್ಧ ನೀರಿನಲ್ಲಿ ಕೆಸರು ಕಳೆದು, ಗಾಳಿಯಾಡುವ ನೆರಳಿನಲ್ಲಿ ಹಲವು ದಿನ ಒಣಗಿಸಿ, ತಿಳಿದವರ ಕೈಗೆ ಕೊಡಬೇಕು. ಎಲ್ಲಕ್ಕಿಂತ ಮೇಲಾದುದು, ಮಳೆಗೆ ಕಾಯದೆ ಈಗಲೇ ಅದರ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಇನ್ನೊಂದು ಪ್ರತಿ ಮಾಡಿಸಿಡುವುದು, ಹಾಡಿದವರ ಮತ್ತು ಹೊರತಂದವರ ಹೆಸರನ್ನು ಜೊತೆಯಲ್ಲಿ ಬರೆದಿಡುವುದು.

ಹೆಸರನ್ನು ಬರೆದಿಡಿ ಎಂದು ಹೇಳಲು ಕಾರಣವಿದೆ. ಇಂದು ಮೊಬೈಲಿನಲ್ಲಿ ಬೆರಳು ಸೋಕಿಸಿದರೆ ಹಾಡು ಸುರಿಯುತ್ತದೆ. ಯಾರು ಹಾಡಿದರು, ಯಾರು ಮುದ್ರಿಸಿದರು, ಅವರ ಮನೆ ಎಲ್ಲಿ, ಇದೊಂದೂ ನಮಗೆ ಬೇಕಾಗಿಲ್ಲ. ನಾರ್ಟನ್ ಸಂಸ್ಥೆಯ ಕೇಳುಗರು ಬರಬಲ್ಲವರಾದದ್ದು ಏಕೆ? ತಟ್ಟೆಯ ಹೊದಿಕೆಯ ಮೇಲೆ ಹೆಸರಿತ್ತು. ಆ ಹೆಸರಿನ ಹಿಂದೆ ಇಬ್ಬರು ಮನುಷ್ಯರಿದ್ದಾರೆಂದು ಅವರಿಗೆ ಗೊತ್ತಿತ್ತು. ಯಾರ ಹೊಲದಿಂದ ಬಂದದ್ದೆಂದು ತಿಳಿಯದ ಕಾಳಿಗೆ ಮುಯ್ಯಿ ತೀರಿಸಲು ಎಲ್ಲಿಗೆ ಹೋಗುವುದು? ಬಿಟ್ಟಿಯಾಗಿ ಸಿಗುವ ಹಾಡಿನ ದೊಡ್ಡ ದೋಷ ಇದೇ ಎಂದು ನಮಗೆ ಅನಿಸುತ್ತದೆ. ಅದು ನಮ್ಮನ್ನು ಋಣದಿಂದ ಬಿಡಿಸುವುದಿಲ್ಲ. ಋಣ ಯಾರಿಗೆ ಸಲ್ಲಬೇಕೆಂಬುದನ್ನು ಮಾತ್ರ ಮರೆಸುತ್ತದೆ.

ಬಿಲ್ಲಿ ಮಿಲ್ಲರ್ 2016ರ ನವೆಂಬರಿನಲ್ಲಿ ತೀರಿಕೊಂಡರು. ಪ್ರವಾಹದ ಮರುದಿನವೇ ಅವರು ಬಾಗಿಲು ಮುಚ್ಚಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆ ಬಾಗಿಲು ಮುಚ್ಚಲಿಲ್ಲ. ಅವರ ನಂತರವೂ ಮಿರಿಯಂ ಲಿನ್ನಾ ಕೆಲಸವನ್ನು ಮುಂದುವರಿಸಿದರು. ಅಂದು ತೊಳೆದು ಒಣಗಿಸಿದ ತಟ್ಟೆಗಳಲ್ಲಿ ಕೆಲವಾದರೂ ಈಗ ಯಾರದೋ ಮನೆಯಲ್ಲಿ ತಿರುಗುತ್ತಿರಬಹುದು. ಅದನ್ನು ಕೇಳುವವನಿಗೆ, ಈ ಗೆರೆಯೊಳಗಿನ ಕೆಸರನ್ನು ಹೆಸರರಿಯದ ಯಾವನೋ ಒಬ್ಬ ಒಂದು ಮಧ್ಯಾಹ್ನ ಕುಳಿತು ತೆಗೆದನೆಂಬುದು ತಿಳಿದಿರಲಾರದು.

ಪ್ರಿಯ ಓದುಗರೆ, ಈ ವಾರ ಅಟ್ಟ ಹತ್ತಿ ಒಂದು ಪೆಟ್ಟಿಗೆಯನ್ನು ಕೆಳಗಿಳಿಸಿರಿ. ಧೂಳು ಒರೆಸಿ, ಯಾರ ಹೆಸರಿದೆಯೆಂದು ಓದಿರಿ. ಆ ಹೆಸರಿನವರು ಇನ್ನೂ ಇದ್ದರೆ, ನಿಮ್ಮ ಹಾಡು ನಮ್ಮ ಮನೆಯಲ್ಲಿ ಈಗಲೂ ಇದೆಯೆಂದು ಅವರಿಗೆ ಒಂದು ಮಾತು ತಿಳಿಸಿರಿ. ಮುಯ್ಯಿ ತೀರಿಸುವುದಕ್ಕೆ ಪ್ರವಾಹವೇ ಬರಬೇಕೆಂದಿಲ್ಲ.